ಚಕ್ಕುಬಂದಿ ಹಿಡಿದು ವಂಶ ಹುಡುಕುವುದು: ಮಿನೆಸೋಟದ ನಾರ್ವೇಜಿಯನ್ ಒಕ್ಕಲುಗಳ ಜಾಡಿನಲ್ಲಿ

ಅಮೆರಿಕದ ಮಿನೆಸೋಟ ರಾಜ್ಯದ ಹಳ್ಳಿಗಾಡಿನ ಮನೆತನವೊಂದರ ಮೂಲ ಹುಡುಕಲು ಕೂತರೆ ಮೊದಲು ಕೈಗೆ ಸಿಗುವುದು ಸಾಮಾನ್ಯವಾಗಿ ಒಂದೇ ಸಾಲು: ‘ಓಲೆ ಓಲ್ಸನ್, ನಾರ್ವೆಯಿಂದ ಬಂದದ್ದು, 1868.’ ಹಳೇ ಬೈಬಲಿನ ಒಳರಟ್ಟಿನ ಮೇಲೆ ಇರುತ್ತದೆ, ಇಲ್ಲವೇ ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಡೈರಿಯಲ್ಲಿ ಗೀಚಿಟ್ಟಿರುತ್ತಾಳೆ. ಆ ಸಾಲನ್ನೇ ಕಂಪ್ಯೂಟರಿಗೆ ಕೊಟ್ಟು ಹುಡುಕಿದರೆ ಓಲೆ ಓಲ್ಸನ್‌ಗಳ ದಂಡೇ ಬಂದು ನಿಲ್ಲುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಊರ ಹೆಸರು ಹೇಳದೆ ‘ಸಿದ್ದೇಗೌಡರ ಮಗ ಚಿಕ್ಕೇಗೌಡ ಎಲ್ಲಿ’ ಅಂತ ಕೇಳಿದ ಹಾಗೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಈ ಕೆಲಸ ಒಮ್ಮೊಮ್ಮೆ ಬಾಗಿಲಿಗೇ ಬರುತ್ತದೆ. ಅಳಿಯನೋ ಸೊಸೆಯೋ ನಾರ್ವೆ ಮೂಲದವರಾಗಿದ್ದರೆ, ಮೊಮ್ಮಗುವಿನ ವಂಶವೃಕ್ಷದಲ್ಲಿ ನಮ್ಮ ಕಡೆಯ ಕೊಂಬೆ ಆರೇಳು ತಲೆಮಾರು ತುಂಬಿರುತ್ತದೆ, ಬೀಗರ ಕಡೆಯದು ಓಲೆ ಓಲ್ಸನ್‌ನಲ್ಲೇ ಕಟ್ಟಾಗಿರುತ್ತದೆ.

ಈ ಜನರ ಹೆಸರು ಬದಲಾಗುತ್ತದೆ, ಬರೆಸಿದ ವಯಸ್ಸು ಬದಲಾಗುತ್ತದೆ, ಹೋಗುತ್ತಿದ್ದ ಚರ್ಚು ಒಡೆದು ಎರಡಾಗುತ್ತದೆ. ಜಮೀನು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಇದರಲ್ಲಿ ಪಳಗಿದವರು ಮನುಷ್ಯನಿಗಿಂತ ಮೊದಲು ಅವನ ಜಮೀನು ಹುಡುಕುತ್ತಾರೆ, ಆಮೇಲೆ ಅದರ ಚಕ್ಕುಬಂದಿ: ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರಕ್ಕೆ, ದಕ್ಷಿಣಕ್ಕೆ ಯಾರು. ಒಂದು ಕಣಿವೆಯಿಂದ ಮೊದಲು ಬಂದವರು ಕಾಗದ ಬರೆದು ತಮ್ಮನ್ನ, ಷಡ್ಡಕನನ್ನ, ಪಕ್ಕದ ಮನೆಯವರನ್ನ ಕರೆಸಿಕೊಂಡರು. ಬಂದವರು ಮಗ್ಗುಲಲ್ಲೇ ಜಮೀನು ಹಿಡಿದರು. ಹೀಗಾಗಿ ಓಲೆಯ ಊರು ಓಲೆಯ ಕಾಗದದಲ್ಲಿ ಸಿಗದೆ ಬೇಲಿಯಾಚೆಯವನ ಕಾಗದದಲ್ಲಿ ಸಿಗುವುದು ತೀರ ಮಾಮೂಲು.

ಮೊದಲ ಹೆಜ್ಜೆ ಜನಗಣತಿ. ಅದರಲ್ಲೂ 1900ರದ್ದು. 72 ವರ್ಷ ಕಳೆದ ಮೇಲೆ ಅಮೆರಿಕದ ಗಣತಿಯ ಹಾಳೆಗಳು ಸಾರ್ವಜನಿಕರಿಗೆ ತೆರೆಯುತ್ತವೆ. 1950ರದು 2022ರ ಏಪ್ರಿಲ್ 1ರಂದು ತೆರೆಯಿತು. ಇಷ್ಟೆಲ್ಲ ಇದ್ದರೂ 1900ರ ಹಾಳೆಗೆ ಸಾಟಿ ಇನ್ನೊಂದಿಲ್ಲ. ಹುಟ್ಟಿದ ತಿಂಗಳು, ವರ್ಷ ಎರಡೂ ಇರುವುದು ಅದರಲ್ಲೇ. ಮದುವೆಯಾಗಿ ಎಷ್ಟು ವರ್ಷ, ಅಮೆರಿಕಕ್ಕೆ ಬಂದ ವರ್ಷ, ಪೌರತ್ವದ ಸ್ಥಿತಿ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಪೌರತ್ವದ ಕಾಲಂನಲ್ಲಿ ಎರಡೇ ಅಕ್ಷರ: ‘ಎನ್‌ಎ’ ಎಂದರೆ ಪೌರನಾಗಿದ್ದಾನೆ, ‘ಪಿಎ’ ಎಂದರೆ ಪೌರನಾಗುತ್ತೇನೆಂಬ ಘೋಷಣೆಯ ಮೊದಲ ಕಾಗದ ಮಾತ್ರ ಆಗಿದೆ, ‘ಎಎಲ್’ ಎಂದರೆ ಇನ್ನೂ ಪರದೇಶಿ. ಹೆಂಗಸರ ಸಾಲಿನಲ್ಲಿ ಇನ್ನೆರಡು ಕಾಲಂ: ಎಷ್ಟು ಮಕ್ಕಳ ತಾಯಿ, ಎಷ್ಟು ಮಕ್ಕಳು ಬದುಕಿದ್ದಾರೆ. ಅಲ್ಲಿ 9 ಮತ್ತು 5 ಎಂದಿದ್ದು ನಿಮ್ಮ ಪಟ್ಟಿಯಲ್ಲಿ ಐದೇ ಹೆಸರಿದ್ದರೆ, ನಾಲ್ಕು ಮಕ್ಕಳು ಯಾವುದೋ ಚರ್ಚಿನ ಪುಸ್ತಕದಲ್ಲಿ ಕಾಯುತ್ತಿದ್ದಾರೆ ಎಂದೇ ಲೆಕ್ಕ. ಆ ಪುಸ್ತಕ ಯಾವುದೆಂದು ಹುಡುಕಲು ಅಷ್ಟು ಸಾಕು.

1900ರಿಂದ ಹಿಂದಕ್ಕೆ ಹೋಗುವಾಗ ದೊಡ್ಡದೊಂದು ಹಳ್ಳ ಅಡ್ಡ ಬರುತ್ತದೆ. 1890ರ ಗಣತಿಯ ಬಹುಪಾಲು ಇಲ್ಲವೇ ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬೆಂಕಿ ತಿಂದಿದ್ದು ಒಂದಷ್ಟು, ನೀರು ಕೆಡಿಸಿದ್ದು ಒಂದಷ್ಟು, ಉಳಿದದ್ದನ್ನು ಸರಕಾರವೇ ಆಮೇಲೆ ನಾಶಮಾಡಿತು. ಹೊಸ ಒಕ್ಕಲುಗಳು ಊರು ಕಟ್ಟುತ್ತಿದ್ದ ದಶಕವೇ ಹೀಗೆ ಖಾಲಿ. ಮಿನೆಸೋಟದಲ್ಲಿ ಈ ಹಳ್ಳ ದಾಟಲು ರಾಜ್ಯದ್ದೇ ಗಣತಿಗಳಿವೆ: 1865, 1875, 1885, 1895, 1905. ಕೊನೆಯ ಎರಡರಲ್ಲಿ ರಾಜ್ಯದಲ್ಲಿ ಎಷ್ಟು ಕಾಲದಿಂದ ಇದ್ದಾರೆ ಎಂಬುದೂ ಇದೆ. ಮೊದಲು ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದವರಾದರೆ, ಗಣತಿಯ ಹೊತ್ತಿನಿಂದ ಅದನ್ನು ಕಳೆದಾಗ ಅಲ್ಲಿಂದ ಗಾಡಿ ಕಟ್ಟಿದ ವರ್ಷ ಹೆಚ್ಚುಕಡಿಮೆ ಸಿಗುತ್ತದೆ.

ಗಣತಿ ನೋಡುವಾಗ ಎಲ್ಲರೂ ಮಾಡುವ ತಪ್ಪೆಂದರೆ ತಮ್ಮವರ ಸಾಲೊಂದನ್ನೇ ನಕಲಿಸಿಕೊಳ್ಳುವುದು. ಗಣತಿಯವನು ಮನೆಯಿಂದ ಮನೆಗೆ ನಡೆದು ಬರೆದವನು, ಅವನ ಹಾಳೆಯಲ್ಲಿ ಮೇಲೆ ಕೆಳಗೆ ಇರುವವರು ಬಹುಮಟ್ಟಿಗೆ ನೆರೆಯವರೇ. ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಇಳಿಸಿಟ್ಟುಕೊಳ್ಳಿ. ಪುಟದ ತಲೆಯಲ್ಲಿರುವ ಟೌನ್‌ಶಿಪ್ಪಿನ ಹೆಸರನ್ನು ಬೇರೆ ಬರೆದುಕೊಳ್ಳಿ. 1860 ಮತ್ತು 1870ರ ಹಾಳೆಗಳಲ್ಲಿ ಅದರ ಜೊತೆಗೆ ಅಂಚೆಕಚೇರಿಯ ಹೆಸರೂ ಇರುತ್ತದೆ. ಎರಡನ್ನೂ ಒಂದು ಮಾಡಬೇಡಿ. ಆಗಿನ ಎಷ್ಟೋ ಅಂಚೆಕಚೇರಿಗಳು ಯಾರದೋ ಮನೆಯ ಮುಂದಿನ ಕೋಣೆಯಲ್ಲಿದ್ದವು. ಆ ಮನುಷ್ಯ ಬಿಟ್ಟರೆ ಕಚೇರಿಯೂ ಹೋಯಿತು, ಹೆಸರೂ ನಕ್ಷೆಯಿಂದ ಹೋಯಿತು.

ಟೌನ್‌ಶಿಪ್ ಎಂಬ ಮಾತಿಗೆ ಇಲ್ಲಿ ಎರಡು ಅರ್ಥ, ಹೊಸಬರು ಎಡವುವುದು ಇಲ್ಲೇ. ಒಂದು ಸರ್ವೆಯದು. ಸರಕಾರಿ ಮೋಜಣಿದಾರರು ನೆಲವನ್ನು 6 ಮೈಲಿ ಉದ್ದ 6 ಮೈಲಿ ಅಗಲದ ಚೌಕಗಳಾಗಿ ಕತ್ತರಿಸಿ ನಂಬರು ಕೊಟ್ಟರು. ‘ಟೌನ್‌ಶಿಪ್ 109 ಉತ್ತರ, ರೇಂಜ್ 20 ಪಶ್ಚಿಮ’ ಎಂಬಂತೆ. ಇನ್ನೊಂದು ಆಡಳಿತದ್ದು: ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಗುಮಾಸ್ತ, ತೆರಿಗೆ, ರಸ್ತೆ ರಿಪೇರಿ ಎಲ್ಲ ಇರುವ ಊರಾಡಳಿತ. ಅದಕ್ಕೆ ಹೆಸರಿರುತ್ತದೆ. ಎರಡರ ಗಡಿ ಒಂದೇ ಆಗಿರುವುದು ಬಹಳ ಕಡೆ, ಆದರೆ ನದಿಯೋ ಕೆರೆಯೋ ಅಡ್ಡ ಬಂದಲ್ಲಿ ಬೇರೆಯಾಗುತ್ತದೆ. ಗಣತಿಯಲ್ಲಿ ಸಿಗುವುದು ಹೆಸರು, ಜಮೀನಿನ ಕಾಗದದಲ್ಲಿ ಸಿಗುವುದು ನಂಬರು. ಕೌಂಟಿಯ (ನಮ್ಮ ಜಿಲ್ಲೆಯಂಥದು) ಹಳೇ ನಕ್ಷೆ ನೋಡಿ ಇದಕ್ಕೆ ಅದನ್ನು ಜೋಡಿಸಿಕೊಂಡ ಮೇಲೇ ಮುಂದಿನ ಕೆಲಸ.

ಒಂದು ಟೌನ್‌ಶಿಪ್ಪಿನಲ್ಲಿ 36 ಸೆಕ್ಷನ್. ಒಂದೊಂದೂ ಒಂದು ಚದರ ಮೈಲಿ, 640 ಎಕರೆ. ನಂಬರು ಹಾಕಿದ ಬಗೆ ಎತ್ತು ಉತ್ತ ಹಾಗೆ. ಈಶಾನ್ಯ ಮೂಲೆಯಲ್ಲಿ 1ರಿಂದ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗುತ್ತದೆ, ತಿರುಗಿ ಅದರ ಕೆಳಗೆ 7ರಿಂದ ಪೂರ್ವಕ್ಕೆ 12ರವರೆಗೆ, ಮತ್ತೆ ತಿರುಗಿ ಪಶ್ಚಿಮಕ್ಕೆ. ಕೊನೆಗೆ ಆಗ್ನೇಯ ಮೂಲೆಯಲ್ಲಿ 36. ಬಿಳಿ ಹಾಳೆಯ ಮೇಲೆ ಒಮ್ಮೆ ಕೈಯಾರೆ ಬರೆದು ಗೋಡೆಗೆ ಅಂಟಿಸಿಕೊಂಡರೆ ಆಮೇಲೆ ಗೊಂದಲವಿಲ್ಲ. ಸೆಕ್ಷನ್ನಿನ ಕಾಲುಭಾಗ 160 ಎಕರೆ, ಕಾಲಿನ ಕಾಲು 40 ಎಕರೆ. ಇಂಗ್ಲಿಷಿನಲ್ಲಿ ಜಮೀನಿನ ವಿವರ ಸಣ್ಣ ತುಂಡಿನಿಂದ ಶುರುವಾಗಿ ದೊಡ್ಡದಕ್ಕೆ ಹೋಗುತ್ತದೆ, ಅದಕ್ಕೇ ಅಲ್ಲಿನವರಿಗೆ ‘ಹಿಂದಿನಿಂದ ಓದಿ’ ಅಂತ ಹೇಳಿಕೊಡಬೇಕಾಗುತ್ತದೆ. ಕನ್ನಡದಲ್ಲಿ ಹೇಳಿಕೊಂಡರೆ ತಾನಾಗೇ ಸರಿಹೋಗುತ್ತದೆ: ‘22ನೇ ಸೆಕ್ಷನ್ನಿನ ಆಗ್ನೇಯ ಕಾಲಿನ ಉತ್ತರಾರ್ಧ.’ ಅಂದರೆ 80 ಎಕರೆ. ಟೌನ್‌ಶಿಪ್ಪಿನ ಉತ್ತರ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳಲ್ಲಿ ಮಾತ್ರ ಅಳತೆ ಸರಿಯಾಗಿ ಕೂಡುವುದಿಲ್ಲ. ಭೂಮಿ ಗುಂಡಗಿರುವುದರಿಂದಲೂ ಸರಪಳಿಯ ತಪ್ಪಿನಿಂದಲೂ ಬಂದ ಹೆಚ್ಚುಕಡಿಮೆಯನ್ನೆಲ್ಲ ಆ ಅಂಚಿಗೆ ತಳ್ಳಿ, ಅಲ್ಲಿನ ತುಂಡುಗಳಿಗೆ ‘ಗವರ್ನಮೆಂಟ್ ಲಾಟ್’ ಎಂದು ಬೇರೆ ನಂಬರು ಕೊಟ್ಟರು. ಕೆರೆದಂಡೆಯಲ್ಲೂ ಹಾಗೆಯೇ.

ಇಷ್ಟಾದ ಮೇಲೆ ಮೂಲ ಹಕ್ಕುಪತ್ರ ಹುಡುಕುವುದು. ಒಕ್ಕೂಟ ಸರಕಾರದ ಭೂ ನಿರ್ವಹಣಾ ಬ್ಯೂರೋ ಹಳೇ ಹಕ್ಕುಪತ್ರಗಳ ಚಿತ್ರಗಳನ್ನು ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಹೆಸರು ಹಾಕಿ ಹುಡುಕುವ ಸೌಲಭ್ಯವಿದೆ, ಆದರೆ ಟೌನ್‌ಶಿಪ್, ರೇಂಜ್ ನಂಬರು ಹಾಕಿ ಹೆಸರಿನ ಜಾಗ ಖಾಲಿ ಬಿಟ್ಟು ಹುಡುಕಿ. ಇಡೀ ಟೌನ್‌ಶಿಪ್ಪಿನ ಮೊದಲ ಒಡೆಯರ ಪಟ್ಟಿಯೇ ಬರುತ್ತದೆ. ಹೆಸರನ್ನು ಹೇಗೆ ಕೆಡಿಸಿ ಬರೆದಿದ್ದಾರೆಂದು ಕಣ್ಣಾರೆ ನೋಡಿ ಹಿಡಿಯಬಹುದು. ‘ಓಲೆ’ ಎಂಬುದು ‘ಓಲಿ’ ಆಗಿರುತ್ತದೆ, ‘ಗುಲ್‌ಬ್ರಾಂಡ್’ ಏನೇನೋ ಆಗಿರುತ್ತದೆ. ಹಕ್ಕುಪತ್ರದಲ್ಲಿ ನೋಡಬೇಕಾದದ್ದು ಯಾವ ಕಾಯ್ದೆಯಡಿ ಕೊಟ್ಟರು ಎಂಬ ಸಾಲು.

1862ರ ಹೋಮ್‌ಸ್ಟೆಡ್ ಕಾಯ್ದೆ ನಮ್ಮ ದರಖಾಸ್ತು ಜಮೀನಿನ ವಿಧಾನಕ್ಕೆ ದೂರದ ನೆಂಟ. 21 ತುಂಬಿದವರು ಅಥವಾ ಮನೆಯ ಯಜಮಾನರು, ಗಂಡಾಗಲಿ ಒಂಟಿ ಹೆಣ್ಣಾಗಲಿ ವಿಧವೆಯಾಗಲಿ, 160 ಎಕರೆವರೆಗೆ ಅರ್ಜಿ ಹಾಕಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿ, ಸಾಕ್ಷಿ ಸಮೇತ ರುಜುವಾತು ಕೊಟ್ಟರೆ ಹಕ್ಕುಪತ್ರ. ಅರ್ಜಿ ಹಾಕುವಾಗ ಪೌರನಾಗಿರಬೇಕು ಇಲ್ಲವೇ ಆಗುತ್ತೇನೆಂದು ಘೋಷಿಸಿರಬೇಕು, ರುಜುವಾತಿನ ಹೊತ್ತಿಗೆ ಪೌರನಾಗಿಯೇ ಇರಬೇಕು. ಕೊನೆಯ ಈ ಷರತ್ತೇ ನಮಗೆ ದೊಡ್ಡ ವರ. ಯಾವ ಕೋರ್ಟಿನಲ್ಲಿ ಪೌರತ್ವ ಪಡೆದನೆಂದು ಊರೂರು ಅಲೆಯಬೇಕಿಲ್ಲ, ಅದರ ನಕಲು ಹೋಮ್‌ಸ್ಟೆಡ್ ಕಡತದೊಳಗೇ ಇರುತ್ತದೆ.

ಎಲ್ಲ ಜಮೀನೂ ಹೋಮ್‌ಸ್ಟೆಡ್ ಅಲ್ಲ. ಸೆಕ್ಷನ್ ನಂಬರು ನೋಡಿದರೇ ಅರ್ಧ ಗೊತ್ತಾಗುತ್ತದೆ. 16 ಮತ್ತು 36 ಶಾಲೆಗೆ ಮೀಸಲಿಟ್ಟದ್ದು, ಅದನ್ನು ಮಾರಿದ್ದು ರಾಜ್ಯ. ರೈಲು ಹಾದುಹೋದ ಪಟ್ಟಿಯಲ್ಲಿ ಬೆಸ ನಂಬರಿನ ಸೆಕ್ಷನ್‌ಗಳನ್ನು ರೈಲು ಕಂಪನಿಗಳಿಗೆ ಕೊಟ್ಟಿದ್ದರು. ನಿಮ್ಮವರು 23ನೇ ಸೆಕ್ಷನ್ನಿನಲ್ಲಿದ್ದರೆ ಕಂಪನಿಯಿಂದಲೇ ಕೊಂಡಿರಬಹುದು, ಹಾಗಿದ್ದರೆ ಅವರ ಹೆಸರಿನಲ್ಲಿ ಸರಕಾರಿ ಹಕ್ಕುಪತ್ರ ಹುಟ್ಟಿಯೇ ಇಲ್ಲ. ಇದು ತಿಳಿಯದೆ ತಿಂಗಳುಗಟ್ಟಲೆ ಹುಡುಕುವವರಿದ್ದಾರೆ. ನಾರ್ದರ್ನ್ ಪೆಸಿಫಿಕ್, ಗ್ರೇಟ್ ನಾರ್ದರ್ನ್ ಕಂಪನಿಗಳ ಹಳೇ ದಾಖಲೆಗಳು ಸೇಂಟ್ ಪಾಲ್‌ನ ಮಿನೆಸೋಟ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, ಅಲ್ಲಿ ಕೇಳಬೇಕು. ಅದೇ ಪಟ್ಟಿಯೊಳಗಿನ ಸಮ ನಂಬರಿನ ಸೆಕ್ಷನ್‌ಗಳಲ್ಲಿ 1879ರವರೆಗೆ ಹೋಮ್‌ಸ್ಟೆಡ್ ಸಾಮಾನ್ಯವಾಗಿ 80 ಎಕರೆಗೆ ಸೀಮಿತ. ಹಾಗಾಗಿ ‘ನಮ್ಮವರಿಗೆ ಅರ್ಧವೇ ಯಾಕೆ ಸಿಕ್ಕಿತು’ ಎಂಬುದಕ್ಕೆ ಬಡತನವೋ ಮೋಸವೋ ಕಾರಣವೆಂದು ಕಥೆ ಕಟ್ಟುವ ಅಗತ್ಯವಿಲ್ಲ.

‘ನಗದು ಮಾರಾಟ’ ಎಂದಿರುವ ಹಕ್ಕುಪತ್ರ ಕಂಡಾಗ ಇದರಲ್ಲಿ ಏನೂ ಸಿಗದು ಎಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ಹೋಮ್‌ಸ್ಟೆಡ್ ಹಾಕಿದವರಿಗೆ ಐದು ವರ್ಷ ಕಾಯದೆ ಆರು ತಿಂಗಳು ವಾಸ ಮಾಡಿ, ಎಕರೆಗೆ ಸಾಮಾನ್ಯವಾಗಿ 1.25 ಡಾಲರಿನಂತೆ ಕಟ್ಟಿ ಜಮೀನು ಬಿಡಿಸಿಕೊಳ್ಳುವ ಅವಕಾಶವಿತ್ತು. 160 ಎಕರೆಗೆ 200 ಡಾಲರ್. 1891ರಲ್ಲಿ ಆರು ತಿಂಗಳನ್ನು ಹದಿನಾಲ್ಕು ಮಾಡಿದರು. ಹೀಗೆ ಬಿಡಿಸಿಕೊಂಡವರ ಕಡತ ನಗದು ಮಾರಾಟದ ರಾಶಿಯಲ್ಲಿ ಕೂತಿರುತ್ತದೆ, ಒಳಗೆ ಹೋಮ್‌ಸ್ಟೆಡ್ಡಿನ ಕಾಗದಗಳೇ ಇರುತ್ತವೆ.

ಹಕ್ಕುಪತ್ರ ಎಂದರೆ ಕೊನೆಯ ಹಾಳೆ ಅಷ್ಟೇ. ಅದರ ಹಿಂದಿನ ಕಡತ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿದೆ. ತರಿಸಲು ರಾಜ್ಯ, ಭೂಕಚೇರಿ ಇದ್ದ ಊರು, ಕಡತದ ಬಗೆ, ಅಂತಿಮ ಪ್ರಮಾಣಪತ್ರದ ನಂಬರು, ಜಮೀನಿನ ಪೂರ್ತಿ ವಿವರ ಇಷ್ಟು ಬೇಕು, ಎಲ್ಲವೂ ಹಕ್ಕುಪತ್ರದ ಪುಟದಲ್ಲೇ ಸಿಗುತ್ತವೆ. ಶುಲ್ಕವಿದೆ, ಕಾಯುವುದೂ ಇದೆ. ಮೊದಲು ಫ್ಯಾಮಿಲಿಸರ್ಚ್, ಫೋಲ್ಡ್3 ತಾಣಗಳಲ್ಲಿ ಆ ಭೂಕಚೇರಿಯ ಕಡತಗಳು ಬಂದಿವೆಯೇ ನೋಡಿ. ನೆಬ್ರಾಸ್ಕದ ಹೋಮ್‌ಸ್ಟೆಡ್ ಕಡತಗಳು ಹೀಗೇ ತಾಣಕ್ಕೆ ಬಂದಿವೆ.

ಕಡತ ಬಿಚ್ಚಿದಾಗ ಸಿಗುವುದು ಏನೆಂದರೆ: ಅರ್ಜಿ, ರಸೀದಿ, ಪೌರತ್ವದ ನಕಲು, ಅರ್ಜಿದಾರನ ಹೇಳಿಕೆ, ಇಬ್ಬರು ನೆರೆಯವರ ಹೇಳಿಕೆ. ಹೇಳಿಕೆಯದು ಅಚ್ಚಾದ ಪ್ರಶ್ನೆಪಟ್ಟಿ, ಮುಂದೆ ಕೈಬರಹದ ಉತ್ತರ. ಯಾವಾಗ ಬಂದು ನೆಲೆಸಿದಿರಿ? ಮನೆ ಎಂಥದು? ದಿಮ್ಮಿಯ ಮನೆ, 14ಕ್ಕೆ 16 ಅಡಿ, ಒಂದು ಬಾಗಿಲು, ಎರಡು ಕಿಟಕಿ ಎಂಬ ಧಾಟಿಯ ಉತ್ತರ. ಕೊಟ್ಟಿಗೆ, ಬಾವಿ, ಎಷ್ಟು ಎಕರೆ ಹಸನು ಮಾಡಿದ್ದೀರಿ, ಎಷ್ಟು ಬೆಳೆ ತೆಗೆದಿರಿ, ಸಂಸಾರದಲ್ಲಿ ಎಷ್ಟು ಜನ, ಯಾವಾಗಲಾದರೂ ಜಮೀನು ಬಿಟ್ಟು ಹೋಗಿದ್ದಿರಾ, ಹೋಗಿದ್ದರೆ ಯಾಕೆ? ಈ ಕೊನೆಯ ಪ್ರಶ್ನೆಯ ಉತ್ತರವನ್ನು ಎರಡು ಸಲ ಓದಿ. ಚಳಿಗಾಲದಲ್ಲಿ ಮರ ಕಡಿಯುವ ಕೂಲಿಗೆ ಹೋಗಿದ್ದು, ಹೆಂಡತಿ ಹೆರಿಗೆಗೆ ಅಕ್ಕನ ಮನೆಗೆ ಹೋಗಿದ್ದು, ಹೀಗೆ ಬೇರೆಲ್ಲೂ ಬರೆಯದ ಸಂಗತಿ ಅಲ್ಲಿರುತ್ತದೆ. ಅಕ್ಕ ಇದ್ದ ಕೌಂಟಿಯ ಹೆಸರು ಸಿಕ್ಕರೆ ಹೊಸದೊಂದು ದಾರಿ ತೆರೆಯಿತು. ಇನ್ನು ಸಹಿ. ಓಲೆ ತನ್ನ ಹೆಸರನ್ನು ತಾನೇ ಹೇಗೆ ಬರೆಯುತ್ತಿದ್ದ ಎಂದು ಕಾಣುವುದು ಇಂಥ ಕಡೆಯೇ. ಗುಮಾಸ್ತ ‘ಓಲ್ಸನ್’ ಎಂದು ಬರೆದ ಕೆಳಗೆ ಅವನು ನಾರ್ವೆಯಲ್ಲಿದ್ದ ತನ್ನ ಫಾರ್ಮಿನ ಹೆಸರನ್ನೂ ಸೇರಿಸಿ ಸಹಿ ಹಾಕಿರಬಹುದು.

1879ರಿಂದ ಈಚೆಗೆ ರುಜುವಾತು ಕೊಡುವ ಮೊದಲು ಹತ್ತಿರದ ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಬೇಕಿತ್ತು. ಅದರಲ್ಲಿ ನಾಲ್ವರು ಸಾಕ್ಷಿಗಳ ಹೆಸರು, ಹೇಳಿಕೆ ಕೊಡುತ್ತಿದ್ದದ್ದು ಇಬ್ಬರು. ನಾಲ್ವರನ್ನೂ ಬರೆದಿಟ್ಟುಕೊಳ್ಳಿ.

ಹಕ್ಕುಪತ್ರದ ತಾರೀಖನ್ನೇ ಬಂದ ವರ್ಷವೆಂದು ಹಿಡಿಯಬೇಡಿ. ರುಜುವಾತಾದ ಮೇಲೆ ಪತ್ರ ಕೈಗೆ ಬರಲು ವರ್ಷವೂ ಹಿಡಿಯುತ್ತಿತ್ತು, ರುಜುವಾತಿಗೂ ಐದರಿಂದ ಏಳು ವರ್ಷದ ಅವಧಿ. 1876ರ ಪತ್ರವಿದ್ದರೆ ಅರ್ಜಿ 1868–70ರ ಸುಮಾರಿನದು. ನಡುವೆ ಗಂಡ ತೀರಿಕೊಂಡಿದ್ದರೆ ಪತ್ರ ವಿಧವೆಯ ಹೆಸರಿಗೋ ‘ವಾರಸುದಾರರಿಗೆ’ ಎಂದೋ ಆಗಿರುತ್ತದೆ. ಪತ್ರವೇ ಸಿಗದಿದ್ದರೆ ಅರ್ಜಿ ಹಾಕಿ ಕೈಬಿಟ್ಟವರಿರಬಹುದು. ಮಿಡತೆ ಬಂದು ಬೆಳೆ ಬೋಳಾದ 1873–77ರ ನಡುವೆ ನೈರುತ್ಯ ಮಿನೆಸೋಟದಲ್ಲಿ ಹಾಗೆ ಗಂಟುಮೂಟೆ ಕಟ್ಟಿದವರು ಬಹಳ. ಅವರ ಜಾಡು ‘ಟ್ರ್ಯಾಕ್ಟ್ ಬುಕ್’ ಎಂಬ ಭೂಕಚೇರಿಯ ದೊಡ್ಡ ಲೆಡ್ಜರುಗಳಲ್ಲಿ ಉಳಿದಿದೆ. ಹೆಸರಿನ ಅನುಕ್ರಮವಿಲ್ಲ, ಸೆಕ್ಷನ್ ಪ್ರಕಾರ ಇದೆ, ರದ್ದಾದ ಅರ್ಜಿಯ ನಂಬರೂ ಅಲ್ಲೇ ಇರುತ್ತದೆ. ಫ್ಯಾಮಿಲಿಸರ್ಚ್‌ನಲ್ಲಿ ಅವುಗಳ ಚಿತ್ರಗಳಿವೆ.

ಮುಂದಿನದು ಕೌಂಟಿ ಕಚೇರಿ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸವೆಲ್ಲ ಅಲ್ಲಿ ಆಗುತ್ತದೆ. ಕೊಟ್ಟವರ ಸೂಚಿ, ಕೊಂಡವರ ಸೂಚಿ ಬೇರೆ ಬೇರೆ, ಎರಡನ್ನೂ ನೋಡಬೇಕು. ಮಾರುವಾಗ ಹೆಂಡತಿಯೂ ಸಹಿ ಹಾಕಿರುತ್ತಾಳೆ, ಆಕೆಯ ಹೆಸರು ಖಚಿತವಾಗಲು ಅದು ಸಾಕು. ಪೌತಿ ಖಾತೆಗೆ ಸಮನಾದದ್ದು ಇಲ್ಲಿ ಪ್ರೊಬೇಟ್ ಕಡತ, ವಾರಸುದಾರರೆಲ್ಲರ ಹೆಸರು, ವಯಸ್ಸು, ವಾಸದ ಊರು ಅದರಲ್ಲಿ ಬರುತ್ತದೆ. ಮದುವೆಯಾಗಿ ಡಕೋಟಕ್ಕೆ ಹೋದ ಹೆಣ್ಣುಮಕ್ಕಳು ಹೊಸ ಹೆಸರಿನಲ್ಲಿ ಪತ್ತೆಯಾಗುವುದು ಹೀಗೆ. ಟೌನ್‌ಶಿಪ್ಪಿನ ಗುಮಾಸ್ತನ ಪುಸ್ತಕಗಳನ್ನು ಯಾರೂ ಕೇಳುವುದಿಲ್ಲ. ಕೇಳಬೇಕು. ರಸ್ತೆ ಮಾಡಿಸಿಕೊಡಿ ಎಂದು ಕೊಟ್ಟ ಅರ್ಜಿಗಳಲ್ಲಿ ಆ ದಾರಿಯುದ್ದಕ್ಕೂ ಇದ್ದ ಒಡೆಯರ ಸಹಿಗಳು ಸಾಲಾಗಿ ಇರುತ್ತವೆ, ಚಕ್ಕುಬಂದಿಯೇ ಸಹಿ ಹಾಕಿದ ಹಾಗೆ. ಕೆಲವು ಕಡೆ ಈ ಪುಸ್ತಕಗಳು ಇಂದಿಗೂ ಈಗಿನ ಗುಮಾಸ್ತರ ಮನೆಯ ಕಪಾಟಿನಲ್ಲಿವೆ. ಮೊದಲೇ ಫೋನ್ ಮಾಡಿ ಹೋಗಬೇಕು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಹೋಗಬಾರದು, ಗುಮಾಸ್ತರೂ ರೈತರೇ.

ಈಗ ಚಕ್ಕುಬಂದಿಯ ಹಾಳೆ ಮಾಡುವುದು. ನಿಮ್ಮವರು 22ನೇ ಸೆಕ್ಷನ್ನಿನವರೆಂದುಕೊಳ್ಳಿ. ಉತ್ತರಕ್ಕೆ 15, ದಕ್ಷಿಣಕ್ಕೆ 27, ಪಶ್ಚಿಮಕ್ಕೆ 21, ಪೂರ್ವಕ್ಕೆ 23. ಮೂಲೆಗಳಲ್ಲಿ 16, 14, 28, 26. ಈ ಎಂಟು ಸೆಕ್ಷನ್‌ಗಳ ಮೊದಲ ಒಡೆಯರನ್ನೆಲ್ಲ ಬರೆಯಿರಿ. ಆಮೇಲೆ 1870ರ ದಶಕದ ಅಟ್ಲಾಸ್, ನಂತರದ ಪ್ಲಾಟ್ ನಕ್ಷೆಗಳಲ್ಲಿ ಅದೇ ಜಾಗಗಳಲ್ಲಿ ಯಾರ ಹೆಸರಿದೆ ಎಂದು ಪಕ್ಕದಲ್ಲಿ ತುಂಬಿ. ನಿಮ್ಮವರದು 6ನೇ ಸೆಕ್ಷನ್ ಆದರೆ ಎಚ್ಚರ: ಪಶ್ಚಿಮದ ನೆರೆ ಪಕ್ಕದ ಟೌನ್‌ಶಿಪ್ಪಿನ 1ನೇ ಸೆಕ್ಷನ್, ಉತ್ತರದ ನೆರೆ ಮೇಲಿನ ಟೌನ್‌ಶಿಪ್ಪಿನ 31. ಗಡಿಯಲ್ಲಿರುವವರ ಚರ್ಚು, ಶಾಲೆ, ಸ್ಮಶಾನ ಮೂರೂ ಆಚೆ ಬದಿಗೆ ಇರುವುದುಂಟು. ಕೌಂಟಿಯ ಗಡಿಯೂ ಅದೇ ಆಗಿದ್ದರಂತೂ ದಾಖಲೆಯೆಲ್ಲ ಬೇರೆ ಕೌಂಟಿಯಲ್ಲಿರುತ್ತದೆ.

ಈ ಪಟ್ಟಿ ಹಿಡಿದು ಚರ್ಚಿಗೆ ಹೋಗುವುದು. ಈ ಜನರ ಲೂಥರನ್ ಪಂಥದ ಪಾದ್ರಿಯ ಪುಸ್ತಕ ನಾರ್ವೇಜಿಯನ್ನಿನಲ್ಲಿ ಇರುತ್ತದೆ, 1920ರ ದಶಕದ ಹತ್ತಿರ ಬಂದಂತೆ ಇಂಗ್ಲಿಷಿಗೆ ತಿರುಗುತ್ತದೆ. ಸದಸ್ಯರ ಪಟ್ಟಿಯಲ್ಲಿ ಹುಟ್ಟಿದ ಜಾಗದ ಕಾಲಂ ಇದ್ದರೆ ಅಮೆರಿಕದ ಇಡೀ ದಾಖಲೆರಾಶಿಯಲ್ಲಿ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಗಣತಿಯವನಿಗೆ ‘ನಾರ್ವೆ’ ಎಂದರೆ ಸಾಕಿತ್ತು. ಪಾದ್ರಿಗೆ ಸಾಕಾಗುತ್ತಿರಲಿಲ್ಲ, ಯಾವ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆ) ಎಂದು ಕೇಳಿ ಬರೆಯುತ್ತಿದ್ದ. ಓಲೆಯ ಸಾಲಿನಲ್ಲಿ ಆ ಜಾಗ ಖಾಲಿ ಇದ್ದು ಪಟ್ಟಿಯ ಆರು ನೆರೆಯವರಲ್ಲಿ ನಾಲ್ವರಿಗೆ ಒಂದೇ ಪ್ಯಾರಿಷ್ ಬರೆದಿದ್ದರೆ, ಮೊದಲು ಹುಡುಕಬೇಕಾದದ್ದು ಅದನ್ನೇ. ಮಕ್ಕಳ ನಾಮಕರಣಕ್ಕೆ ನಿಂತ ಸಾಕ್ಷಿಗಳ ಹೆಸರನ್ನೂ ಬಿಡಬೇಡಿ, ಬಹುಪಾಲು ಸೋದರಮಾವ, ಚಿಕ್ಕಮ್ಮಂದಿರೇ. ಚರ್ಚಿನಲ್ಲಿ ನಿಮ್ಮವರ ಹೆಸರು ಒಂದು ವರ್ಷದಿಂದ ಥಟ್ಟನೆ ಕಾಣದಾದರೆ ಸತ್ತರೆಂದೋ ಊರು ಬಿಟ್ಟರೆಂದೋ ಬರೆಯಬೇಡಿ. 1880ರ ದಶಕದಲ್ಲಿ ಮೋಕ್ಷಕ್ಕೆ ದೇವರ ಆಯ್ಕೆ ಮೊದಲೋ ಮನುಷ್ಯನ ನಂಬಿಕೆ ಮೊದಲೋ ಎಂಬ ಜಗಳದಲ್ಲಿ ನಾರ್ವೇಜಿಯನ್ ಸಿನಡ್ ಎಂಬ ಚರ್ಚುಗಳ ಒಕ್ಕೂಟ ಒಡೆಯಿತು. ಒಂದೇ ಟೌನ್‌ಶಿಪ್ಪಿನಲ್ಲಿ ರಸ್ತೆಯ ಆಚೆ ಈಚೆ ಎರಡು ಲೂಥರನ್ ಚರ್ಚು ಎದ್ದ ಜಾಗಗಳಿವೆ. ಎರಡರ ಪುಸ್ತಕವೂ ನೋಡಬೇಕು. ಮುಚ್ಚಿದ ಚರ್ಚಿನದಾದರೆ ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನಲ್ಲಿರುವ ನಾರ್ವೇಜಿಯನ್ ಅಮೆರಿಕನ್ ವಂಶಶೋಧ ಕೇಂದ್ರದಲ್ಲಿ ವಿಚಾರಿಸಿ.

ಸ್ಮಶಾನಕ್ಕೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ, ಒಂದು ಕನ್ನಡಿ ಒಯ್ದು ಬೆಳಕನ್ನು ಅಡ್ಡಕ್ಕೆ ಬೀಳಿಸಿ. ಅಕ್ಷರ ಕಾಣಲೆಂದು ಹಿಟ್ಟು, ಶೇವಿಂಗ್ ಕ್ರೀಮು ಬಳಿಯುವುದು ಕಲ್ಲಿಗೆ ಹಾಳು. ‘ಫೋಡ್ಟ್’ ಎಂದರೆ ಹುಟ್ಟಿದ್ದು, ‘ಡೋಡ್’ ಎಂದರೆ ಸತ್ತದ್ದು. ವಯಸ್ಸನ್ನು ವರ್ಷ, ತಿಂಗಳು, ದಿನ ಎಂದು ಕೆತ್ತಿದ್ದರೆ ಹಿಂದಕ್ಕೆ ಎಣಿಸಿ ಹುಟ್ಟಿದ ದಿನ ತೆಗೆಯಬಹುದು. ಊರಿನ ಜಾಗದಲ್ಲಿ ‘ಸೋಗ್ನ್’ ಎಂದಿದ್ದರೆ ತಡೆಯಿರಿ. ಸೋಗ್ನ್ ಎಂಬುದು ಪಶ್ಚಿಮ ನಾರ್ವೆಯ ಒಂದು ಸೀಮೆ, ಹಳೇ ಡೇನಿಷ್ ಬರಹದಲ್ಲಿ ಪ್ಯಾರಿಷ್ ಎಂಬ ಅರ್ಥದ ಮಾತೂ ಅದೇ. ‘ವಾಂಗ್ ಸೋಗ್ನ್’ ಎಂದರೆ ವಾಂಗ್ ಎಂಬ ಪ್ಯಾರಿಷ್. ಅದು ಸೋಗ್ನ್ ಸೀಮೆಯಲ್ಲೇ ಇರಬೇಕೆಂದೇನಿಲ್ಲ.

ಇನ್ನು ಹೆಸರಿನ ವಿಷಯ. ಕನ್ನಡಿಗರು ಇದನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾರೆ, ಯಾಕೆಂದರೆ ಊರು, ತಂದೆ, ಸ್ವಂತ ಹೆಸರು ಎಂಬ ಮೂರು ತುಂಡು ನಮಗೆ ಹೊಸದಲ್ಲ. ನಾರ್ವೆಯ ಹಳ್ಳಿಯಲ್ಲಿ ಲಾರ್ಸ್ ಎಂಬವನು ಪೆಡರ್‌ನ ಮಗನಾದ್ದರಿಂದ ಲಾರ್ಸ್ ಪೆಡರ್ಸನ್. ಹೌಗೆನ್ ಎಂಬ ಫಾರ್ಮಿನಲ್ಲಿದ್ದುದರಿಂದ ಲಾರ್ಸ್ ಪೆಡರ್ಸನ್ ಹೌಗೆನ್. ಮದುವೆಯಾಗಿ ಹೆಂಡತಿಯ ಬಾಕೆನ್ ಫಾರ್ಮಿಗೆ ಮನೆಅಳಿಯನಾಗಿ ಹೋದರೆ ಲಾರ್ಸ್ ಪೆಡರ್ಸನ್ ಬಾಕೆನ್. ಅವನ ಮಗ ಲಾರ್ಸನ್, ಮಗಳು ಲಾರ್ಸ್‌ದಾತರ್. ಫಾರ್ಮಿನ ಹೆಸರು ವಿಳಾಸವಿದ್ದ ಹಾಗೆ, ಮನೆ ಬದಲಾದರೆ ಅದೂ ಬದಲು. ಎಲ್ಲರಿಗೂ ಒಂದು ಕಾಯಂ ಮನೆತನದ ಹೆಸರು ಇರಬೇಕೆಂದು ನಾರ್ವೆಯಲ್ಲಿ ಕಾನೂನು ಬಂದದ್ದು 1923ರಲ್ಲಿ. ಅಮೆರಿಕಕ್ಕೆ ಬಂದ ಅಣ್ಣತಮ್ಮಂದಿರಲ್ಲಿ ಒಬ್ಬ ಪೆಡರ್ಸನ್ ಅನ್ನು ಪೀಟರ್ಸನ್ ಮಾಡಿಕೊಂಡ, ಇನ್ನೊಬ್ಬ ಹೌಗೆನ್ ಉಳಿಸಿಕೊಂಡ, ಮೂರನೆಯವನು ಬಾಕೆನ್ ಆದ. ಒಡಹುಟ್ಟಿದವರೆಂದು ಹೆಸರಿನಿಂದ ಯಾರಿಗೂ ತಿಳಿಯದು. ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್‌ನ ಮನೆಯನ್ನೇ ನೋಡಿ. ಅಪ್ಪ ಅಮ್ಮ 1847ರಲ್ಲಿ ವಾಲ್ಡ್ರೆಸ್ ಸೀಮೆಯಿಂದ ವಿಸ್ಕಾನ್ಸಿನ್ನಿಗೆ ಬಂದವರು, 1865ರಲ್ಲಿ ಮಿನೆಸೋಟದ ರೈಸ್ ಕೌಂಟಿಗೆ ಹೋದರು. ತಂದೆ ಥಾಮಸ್ ಆಂಡರ್ಸನ್ ವೆಬ್ಲೆನ್. ಆಂಡರ್ಸನ್ ಎಂಬುದು ತಂದೆಯ ಹೆಸರಿನಿಂದ ಬಂದದ್ದು, ವೆಬ್ಲೆನ್ ಫಾರ್ಮಿನದು. ಹಳೇ ಕ್ರಮದಲ್ಲಿ ಮಗ ಥಾಮಸನ್ ಆಗಬೇಕಿತ್ತು. ಅವನ ಹೆಸರಿನ ನಡುವಿನ ‘ಬುಂಡೆ’ ತಾಯಿಯ ಕಡೆಯದು. ನೆರ್‌ಸ್ಟ್ರಾಂಡ್ ಹತ್ತಿರದ ಅವರ ತೋಟದ ಮನೆ ಈಗ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕ.

‘ಎಲ್ಲಿಸ್ ದ್ವೀಪದ (ನ್ಯೂಯಾರ್ಕ್ ಬಂದರಿನ ವಲಸೆ ತಪಾಸಣೆ ಕೇಂದ್ರ) ಅಧಿಕಾರಿ ನಮ್ಮ ಹೆಸರು ಬದಲಾಯಿಸಿದ’ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳುತ್ತದೆ. ನಂಬಬೇಡಿ. ಅಧಿಕಾರಿಗಳು ನೋಡುತ್ತಿದ್ದದ್ದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿಯನ್ನು. ಅಲ್ಲದೆ ಎಲ್ಲಿಸ್ ದ್ವೀಪ ತೆರೆದದ್ದು 1892ರಲ್ಲಿ, ಓಲೆ ಬಂದದ್ದು 1868ರಲ್ಲಿ! ನ್ಯೂಯಾರ್ಕಿಗೇ ಬಂದಿಳಿದ ಎಂಬುದಕ್ಕೂ ಖಾತ್ರಿಯಿಲ್ಲ. 1850ರಿಂದ ಮುಂದೆ ನಾರ್ವೆಯ ಹಾಯಿಹಡಗುಗಳು ಜನರನ್ನು ಕೆನಡಾದ ಕ್ವಿಬೆಕ್‌ನಲ್ಲಿ ಇಳಿಸಿ ಮರದ ದಿಮ್ಮಿ ತುಂಬಿಕೊಂಡು ವಾಪಸಾಗುತ್ತಿದ್ದವು. ಪರದೇಶದ ಹಡಗುಗಳನ್ನು ತಡೆಯುತ್ತಿದ್ದ ತನ್ನ ನೌಕಾಯಾನ ಕಾಯ್ದೆಯನ್ನು 1849ರಲ್ಲಿ ಬ್ರಿಟನ್ ತೆಗೆದುಹಾಕಿದ್ದರಿಂದ ಆ ವ್ಯಾಪಾರ ತೆರೆದುಕೊಂಡಿತ್ತು. ಕ್ವಿಬೆಕ್‌ನ ಪ್ರಯಾಣಿಕರ ಪಟ್ಟಿಗಳು 1865ರಿಂದ ಈಚೆಗೆ ಮಾತ್ರ ಸಿಗುತ್ತವೆ. ನಿಜ ಹೇಳಬೇಕೆಂದರೆ ಹಡಗಿನ ಹೆಸರಿಗೆ ಜನ ಕೊಡುವಷ್ಟು ಸಮಯಕ್ಕೆ ಅದು ಯೋಗ್ಯವಲ್ಲ.

ಪೌರತ್ವದ ಕಾಗದದ ಬಗ್ಗೆ ಎರಡೇ ಮಾತು. 1906ರ ಸೆಪ್ಟೆಂಬರ್ 27ಕ್ಕೆ ಮುಂಚಿನದರಲ್ಲಿ ಹುಟ್ಟೂರು ಸಿಗುವುದು ಅಪರೂಪ, ‘ನಾರ್ವೆ’ ಎಂದಷ್ಟೇ ಇರುತ್ತದೆ. ‘ಸ್ವೀಡನ್ ಮತ್ತು ನಾರ್ವೆಯ ದೊರೆಗೆ ನಿಷ್ಠೆ ಬಿಟ್ಟೆ’ ಎಂದು ಬರೆದಿದ್ದರೆ ಸ್ವೀಡನ್ನಿನವರೆಂದು ತಿಳಿಯಬೇಡಿ. 1814ರಿಂದ 1905ರವರೆಗೆ ಎರಡಕ್ಕೂ ಒಬ್ಬನೇ ದೊರೆ. ಹೆಂಡತಿಯ ಕಾಗದ ಹುಡುಕುವುದೇ ಬೇಡ, 1922ರವರೆಗೆ ಗಂಡನ ಪೌರತ್ವವೇ ಆಕೆಯದು.

ಪ್ಯಾರಿಷ್ ಗೊತ್ತಾದ ಮೇಲೆ ನಾರ್ವೆಯ ಕೆಲಸ ಆಶ್ಚರ್ಯವಾಗುವಷ್ಟು ಸಲೀಸು. ಅಲ್ಲಿನ ರಾಷ್ಟ್ರೀಯ ದಾಖಲೆಗಾರದ ಡಿಜಿಟಲ್‌ಅರ್ಕಿವೆ ತಾಣ ಪೂರ್ತಿ ಬಿಟ್ಟಿ. ಹೆಸರುವಾರು ಗಣತಿ 1801, 1865, 1875, 1891, 1900, 1910ರವು ಇವೆ. ನಡುವಿನ 1825, 35, 45, 55ರವು ಬಹುತೇಕ ಬರೀ ಅಂಕಿಅಂಶ. ಚರ್ಚಿನ ಪುಸ್ತಕದಲ್ಲಿ ಊರು ಬಿಟ್ಟವರದೇ ಒಂದು ವಿಭಾಗವಿದೆ, ಎದುರಿಗೆ ‘ಅಮೆರಿಕ’ ಎಂದು ಬರೆದಿರುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಚರ್ಚಿನ ಪೂರ್ಣ ಸದಸ್ಯರಾಗಲು ಆಗುತ್ತಿದ್ದ ಕನ್‌ಫರ್ಮೇಷನ್ ದಾಖಲೆ. ಹುಟ್ಟಿದ ದಿನ, ತಂದೆತಾಯಿ, ಫಾರ್ಮು, ಸಿಡುಬಿನ ಲಸಿಕೆ ಹಾಕಿಸಿದ್ದು ಎಲ್ಲ ಒಂದೇ ಸಾಲಿನಲ್ಲಿರುತ್ತದೆ. ಬರಹ ಹಳೇ ಗೋಥಿಕ್ ಲಿಪಿ. ಪಾದ್ರಿಯ ಕೈಬರಹ ನಿಮ್ಮ ಕಣ್ಣಿಗೆ ಪಳಗುವವರೆಗೆ ಗೊತ್ತಿರುವ ಹೆಸರುಗಳನ್ನು ನೋಡಿ ಅಕ್ಷರಮಾಲೆ ಮಾಡಿಕೊಳ್ಳಿ. ಹುಡುಕುವಾಗ ಹೆಸರಿನ ನಡುವೆ ಖಾತ್ರಿಯಿಲ್ಲದ ಅಕ್ಷರಗಳ ಜಾಗಕ್ಕೆ ನಕ್ಷತ್ರಚಿಹ್ನೆ (*) ಹಾಕಿ, ಹುಟ್ಟಿದ ದಿನವನ್ನು ಮುಖ್ಯವಾಗಿ ಹಿಡಿಯಿರಿ. ವಯಸ್ಸು ಒಂದೆರಡು ವರ್ಷ ಆಚೀಚೆ ಹೇಳಿದವರೂ ಹುಟ್ಟಿದ ದಿನ ಮತ್ತು ತಿಂಗಳನ್ನು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಿದ್ದರು. ಅಮೆರಿಕದ ‘ಜೂಲಿಯಾ’ ಅಲ್ಲಿ ಗುರಿ, ‘ಕ್ಯಾರಿ’ ಅಲ್ಲಿ ಕಾರಿ, ‘ಲೂಯಿಸ್’ ಬಹಳ ಸಲ ಲಾರ್ಸ್.

ಒಂದೇ ಹೆಸರು, ಒಂದೇ ವರ್ಷದ ಇಬ್ಬರು ಸಿಕ್ಕಾಗ ಮಕ್ಕಳ ಹೆಸರು ನೋಡಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಹೆಣ್ಣುಮಕ್ಕಳಿಗೆ ಅಜ್ಜಿಯರದು. ನಮ್ಮಲ್ಲೂ ತಾತನ ಹೆಸರಿಡುವ ಮನೆಗಳಿರುವುದರಿಂದ ಬಿಡಿಸಿ ಹೇಳಬೇಕಿಲ್ಲ. ತೀರಿಕೊಂಡ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುತ್ತಿದ್ದರು, ತೀರಿಕೊಂಡ ಹೆಂಡತಿಯ ಹೆಸರನ್ನು ಎರಡನೇ ಮದುವೆಯ ಮೊದಲ ಮಗಳಿಗೆ. ಮಿನೆಸೋಟದಲ್ಲಿ ನಿಲ್ಸ್ ಎಂಬವನ ಮೊದಲ ಮಗ ಹಾಲ್ವರ್ ಆಗಿದ್ದು, ನಾರ್ವೆಯಲ್ಲಿ ಸಿಕ್ಕ ನಿಲ್ಸ್‌ನ ಅಪ್ಪ ಎರಿಕ್ ಆಗಿದ್ದರೆ ಇನ್ನೊಬ್ಬ ನಿಲ್ಸ್‌ನನ್ನು ಹುಡುಕಬೇಕಾದೀತು. ಇದು ಕಟ್ಟುನಿಟ್ಟಿನ ನಿಯಮವಲ್ಲ, ಅನುಮಾನಕ್ಕೆ ಮಾತ್ರ ಸಾಕು.

ಫಾರ್ಮಿನ ಹೆಸರು ಸಿಕ್ಕಾಗ ಆಗುವ ಕೊನೆಯ ತಪ್ಪೊಂದಿದೆ. ಹೌಗೆನ್ ಎಂಬ ಹೆಸರಿದ್ದ ಮಾತ್ರಕ್ಕೆ ಹೌಗೆನ್ ಫಾರ್ಮಿನ ಒಡೆಯರೆಂದಲ್ಲ. ಒಡೆಯನ ಜಮೀನಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು, ಬಾಡಿಗೆಯ ಬದಲು ದುಡಿದುಕೊಡುತ್ತಿದ್ದ ಹುಸ್‌ಮನ್ ಒಕ್ಕಲುಗಳೂ ಅದೇ ಹೆಸರಿನಲ್ಲಿ ದಾಖಲಾದರು. 160 ಎಕರೆಯ ಆಸೆಗೆ ಸಮುದ್ರ ದಾಟಿದವರಲ್ಲಿ ಅಂಥವರು ಬಹಳ. 1865ರ ಗಣತಿಯಲ್ಲಿ ವೃತ್ತಿಯ ಕಾಲಂ ನೋಡಿದರೆ ಸ್ಪಷ್ಟವಾಗುತ್ತದೆ: ‘ಗೋರ್ಡ್‌ಬ್ರೂಕರ್’ ಎಂದರೆ ಫಾರ್ಮ್ ಹಿಡಿದವನು, ‘ಹುಸ್‌ಮನ್’ ಎಂದರೆ ಒಕ್ಕಲು. ಅದೇ ಹಾಳೆಯಲ್ಲಿ ಹಸು, ಕುರಿ ಎಷ್ಟು, ಬಾರ್ಲಿ, ಆಲೂಗಡ್ಡೆ ಎಷ್ಟು ಬಿತ್ತಿದ್ದರು ಎಂಬುದೂ ಇದೆ. ಫಾರ್ಮಿಗೆ ಇಂದಿಗೂ ಸರ್ವೆ ನಂಬರಿನಂಥ ಗೋರ್ಡ್ ನಂಬರು, ಹಿಸ್ಸಾದಂಥ ಬ್ರೂಕ್ ನಂಬರು ಇರುವುದರಿಂದ ಈಗಿನ ನಕ್ಷೆಯಲ್ಲಿ ಜಾಗ ಗುರುತಿಸಬಹುದು. ಹುಸ್‌ಮನ್ ಮನೆಗೆ ಎಷ್ಟೋ ಸಲ ಅಂಥ ನಂಬರಿರುವುದಿಲ್ಲ. ಅದು ಎಲ್ಲಿತ್ತೆಂದು ತಿಳಿಯಲು ಆ ಊರಿನ ಬಿಗ್ಡೆಬೋಕ್, ಎಂದರೆ ಫಾರ್ಮುವಾರು ಬರೆದ ಗ್ರಾಮಚರಿತ್ರೆ, ತರಿಸಿ ಓದಬೇಕು.